ಮೂರನೇ ದಿನಕ್ಕೆ ಮನೆಬಾಗಿಲಿಗೆ: ಶಾಲೆ ತಪ್ಪಿಸುವ ಮಗುವನ್ನು ಮನೆಯವರ ಜೊತೆಗೂಡಿ ಉಳಿಸಿಕೊಳ್ಳುವ ಬಗೆ

ಯಾದಗಿರಿ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು ನಾನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಐದನೇ ತರಗತಿಯ ಹುಡುಗಿಯೊಬ್ಬಳು ದೀಪಾವಳಿ ಆದಮೇಲೆ ವಾರಕ್ಕೆ ಎರಡು ದಿನ ತಪ್ಪಿಸತೊಡಗಿದಳು. ಬರುತ್ತಾಳೆ ಬಿಡು ಅಂದುಕೊಂಡೆ. ಡಿಸೆಂಬರ್‌ನಲ್ಲಿ ಅವಳು ಬಂದದ್ದು ಆರೇ ದಿನ. ಸಂಕ್ರಾಂತಿ ಕಳೆದು ನಾನು ಅವರ ಮನೆಗೆ ಹೋದಾಗ ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು, ಅವಳ ಪಾದ ಮಾತ್ರ ಕಾಣುತ್ತಿತ್ತು. ತಾಯಿ ಅಂದಳು: “ಇನ್ನೇನ್ ಬರ್ತಾಳ್ರೀ ಅಕ್ಕೋರ, ಆಕಿಗೆ ನಾಚ್ಕಿ ಆಗ್ತದಂತ.” ಹುಡುಗಿಗೆ ಶಾಲೆ ಬೇಡವಾಗಿರಲಿಲ್ಲ. ಇಷ್ಟು ದಿನ ತಪ್ಪಿಸಿ ಹೇಗೆ ಮುಖ ತೋರಿಸಲಿ ಎಂಬ ಅಳುಕು ಅವಳನ್ನು ಆ ಬಾಗಿಲ ಹಿಂದೆ ನಿಲ್ಲಿಸಿತ್ತು. ನಾನು ನವೆಂಬರ್‌ನಲ್ಲೇ ಹೋಗಿದ್ದರೆ ಆ ಅಳುಕು ಇನ್ನೂ ಹುಟ್ಟಿರುತ್ತಿರಲಿಲ್ಲ.

ಅಂದಿನಿಂದ ನನ್ನದೊಂದೇ ಹಟ. ಮೂರನೇ ದಿನಕ್ಕೆ ಮನೆಗೆ ಹೋಗಬೇಕು. ಅದನ್ನು ಹೇಗೆ ಮಾಡುತ್ತ ಬಂದಿದ್ದೇನೆ ಎಂಬುದನ್ನು ಶಿಕ್ಷಕರಿಗೆ, ಮುಖ್ಯ ಗುರುಗಳಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ ಉಪಯೋಗ ಆಗಲಿ ಎಂದು ಬರೆಯುತ್ತಿದ್ದೇನೆ.

ಹಾಜರಿ ಪುಸ್ತಕವನ್ನು ಓದಿ

ನಾವು ದಿನಾ ಹಾಜರಿ ಹಾಕುತ್ತೇವೆ, ಓದುವುದು ಕಡಿಮೆ. ಶನಿವಾರ ಮಕ್ಕಳು ಮನೆಗೆ ಹೋದಮೇಲೆ ಹತ್ತು ನಿಮಿಷ ಕೂತು ಹಿಂದಿನ ನಾಲ್ಕು ವಾರದ ಸಾಲುಗಳ ಮೇಲೆ ಬೆರಳಾಡಿಸಿ. ಗೈರು ಎಷ್ಟು ಎಂಬುದಕ್ಕಿಂತ ಯಾವ ದಿನ ಎಂಬುದನ್ನು ನೋಡಿ. ಸಂತೆಯ ದಿನವೇ ತಪ್ಪುತ್ತಿದ್ದರೆ ತಾಯಿ ಸಂತೆಗೆ ಹೋಗುತ್ತಾಳೆ, ಮನೆಯಲ್ಲಿ ಕೂಸು ಇದೆ. ಸೋಮವಾರ ತಪ್ಪಿದರೆ ಭಾನುವಾರ ಎಲ್ಲಿಗೋ ಹೋಗಿ ಉಳಿದಿದ್ದಾರೆ, ಇಲ್ಲವೇ ಮನೆಯಲ್ಲಿ ಕುಡಿತದ ಜಗಳ ಆಗಿದೆ. ಬೆಳಗಿನ ಹಾಜರಿ ಇದ್ದು ಮಧ್ಯಾಹ್ನದ್ದು ಇಲ್ಲವೆಂದರೆ ಮಗು ಊಟ ಮುಗಿಸಿ ದನ ಕಾಯಲು ಹೋಗುತ್ತಿದೆ, ಅಥವಾ ಮಧ್ಯಾಹ್ನದ ಪಿರಿಯಡ್‌ನ ಯಾರಿಗೋ ಹೆದರುತ್ತಿದೆ. ಇವೆಲ್ಲ ಊಹೆಗಳೇ. ಆದರೆ ಮನೆಗೆ ಹೋಗುವಾಗ ಕೈಯಲ್ಲಿ ಒಂದು ಊಹೆ ಇದ್ದರೆ ಕೇಳುವ ಪ್ರಶ್ನೆ ಮೆತ್ತಗಿರುತ್ತದೆ.

ಲೆಕ್ಕವನ್ನೂ ಒಮ್ಮೆ ಹಾಕಿಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಶಾಲಾ ದಿನ, 6ರಿಂದ 8ಕ್ಕೆ 220 ದಿನ ಎಂದು ಹೇಳುತ್ತದೆ. ತಿಂಗಳಿಗೆ ಎರಡು ದಿನ ತಪ್ಪಿದರೂ ವರ್ಷದ ಹತ್ತರಲ್ಲಿ ಒಂದು ಪಾಲು ಹೋಯಿತು. ವಾರಕ್ಕೊಂದು ಸಂತೆ ದಿನ ತಪ್ಪಿದರೆ ಹತ್ತಿರ ಹತ್ತಿರ 40 ದಿನ. ಸಣ್ಣ ಮಕ್ಕಳು ಕಾರ್ಡು ಹಿಡಿದು ಹಂತ ಹಂತವಾಗಿ ಕಲಿಯುವ ನಲಿ ಕಲಿ ತರಗತಿಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಜೊತೆಯ ಮಕ್ಕಳು ಕಲಿಕಾ ಏಣಿಯಲ್ಲಿ ಮೂರು ಮೈಲಿಗಲ್ಲು ದಾಟಿರುತ್ತಾರೆ, ಈ ಮಗು ಇನ್ನೂ ಅದೇ ಕಾರ್ಡು ಹಿಡಿದು ಕೂತಿರುತ್ತದೆ.

ನನ್ನ ಕ್ಲಾಸಿನಲ್ಲಿ ಎರಡು ಗುರುತುಗಳಿವೆ. ತಿಳಿಸದೆ ಸತತ ಮೂರು ದಿನ ಬಾರದಿದ್ದರೆ, ಅಥವಾ ತಿಂಗಳಲ್ಲಿ ಬಿಡಿಬಿಡಿಯಾಗಿ ನಾಲ್ಕು ದಿನ ತಪ್ಪಿದರೆ ಮನೆಗೆ ಹೋಗುವುದೇ. ಇದು ಇಲಾಖೆಯ ಲೆಕ್ಕ ಅಲ್ಲ, ನನ್ನದು. ಹಿಂದೆ ನಮ್ಮ ರಾಜ್ಯದಲ್ಲಿ 60 ದಿನ ಬಾರದ ಮಗುವನ್ನಷ್ಟೇ ಶಾಲೆ ಬಿಟ್ಟದ್ದು ಎಂದು ಎಣಿಸುತ್ತಿದ್ದರು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಪತ್ರಿಕೆಯ ವರದಿಯೊಂದನ್ನು ನೋಡಿ ತಾನೇ ಪ್ರಕರಣ ಕೈಗೆತ್ತಿಕೊಂಡ ಮೇಲೆ ಆ ಲೆಕ್ಕ 7 ದಿನಕ್ಕೆ ಇಳಿಯಿತು. ಏಳು ದಿನ ಕಾಗದಕ್ಕೆ ಸರಿ. ಮಗುವಿನ ಮನಸ್ಸಿಗೆ ಏಳು ದಿನವೂ ಬಹಳ.

ಹೋಗುವ ಮುಂಚೆ

ಓಣಿಯ ಮಕ್ಕಳನ್ನು ಕೇಳಿ. ಇಡೀ ಕ್ಲಾಸಿನ ಮುಂದೆ ಬೇಡ, ನೀರು ಕುಡಿಯುವ ಹೊತ್ತಿನಲ್ಲಿ ಒಬ್ಬರನ್ನು ಪಕ್ಕಕ್ಕೆ ಕರೆದು ಕೇಳಿ. ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ: ಯಾರ ಅವ್ವ ತವರಿಗೆ ಹೋಗಿದ್ದಾಳೆ, ಯಾರು ಬೆಳಿಗ್ಗೆ ಟಂಟಂ ಆಟೋ ಏರಿ ಹತ್ತಿ ಬಿಡಿಸಲು ಹೋದರು, ಯಾರಿಗೆ ಯಾರು ಹೊಡೆದರು.

ಫೋನ್ ಮಾಡಬಹುದು, ಆದರೆ ಫೋನನ್ನೇ ನೆಚ್ಚಬೇಡಿ. ಕೊಟ್ಟ ನಂಬರು ಅರ್ಧ ಮಂದಿಯದು ಬದಲಾಗಿರುತ್ತದೆ. ಹತ್ತಿದರೂ “ನಾಳಿ ಕಳಿಸ್ತೀವ್ರೀ” ಎಂಬ ಮಾತಿಗೆ ಮುಗಿಯುತ್ತದೆ.

ಹೋಗುವ ಹೊತ್ತು ಮುಖ್ಯ. ಕೂಲಿ ಮನೆಗಳಲ್ಲಿ ಹಗಲು ಯಾರೂ ಸಿಗುವುದಿಲ್ಲ. ಬೆಳಿಗ್ಗೆ ಏಳರೊಳಗೆ, ಇಲ್ಲವೇ ಸಂಜೆ ಆರರ ಮೇಲೆ ಹೋಗಬೇಕು. ಬೇರೆ ಊರಿನಿಂದ ಬಂದು ಹೋಗುವ ಶಿಕ್ಷಕರಿಗೆ ಇದು ಕಷ್ಟ ಎಂದು ಬಲ್ಲೆ. ನಾನೂ ಬಸ್ಸಿಗೇ ಬರುವವಳು. ವಾರದಲ್ಲಿ ಒಂದು ದಿನ ಮೊದಲ ಬಸ್ಸಿಗೆ ಬಂದು ಎರಡು ಮನೆ ಮುಗಿಸಿದರೆ ಸಾಕಾಗುತ್ತದೆ. ಆಗದಿದ್ದರೆ ಅದೇ ಓಣಿಯ ಎಸ್‌ಡಿಎಂಸಿ ಸದಸ್ಯೆ, ಅಡುಗೆಯ ಅಮ್ಮ ಅಥವಾ ಅಂಗನವಾಡಿ ಟೀಚರನ್ನು ಕಳಿಸಬಹುದು. 2001ರಲ್ಲಿ ನಮ್ಮಲ್ಲಿ ಎಸ್‌ಡಿಎಂಸಿ ಕಟ್ಟಿದಾಗ ಪೋಷಕರನ್ನೇ ಸದಸ್ಯರನ್ನಾಗಿ ಮಾಡಿದ್ದು ಇಂಥ ಕೆಲಸಕ್ಕೂ ಹೌದು ಎಂದು ನಾನು ತಿಳಿದಿದ್ದೇನೆ. ಆದರೆ ಆ ಮನೆಯವರೊಂದಿಗೆ ಹೊಲದ ಜಗಳವೋ ಸಾಲದ ಲೆಕ್ಕವೋ ಇರುವವರನ್ನು ಮಾತ್ರ ಕಳಿಸಬೇಡಿ.

ಒಬ್ಬರೋ ಇಬ್ಬರೋ ಹೋಗಿ. ನಾಲ್ಕು ಮಂದಿ ಗುಂಪಾಗಿ ಹೋದರೆ ಓಣಿಯೆಲ್ಲ ಹೊರಗೆ ಬಂದು ನಿಲ್ಲುತ್ತದೆ, ಆ ಮನೆಗೆ ಅವಮಾನ ಆಗುತ್ತದೆ.

ಮೊದಲ ಭೇಟಿ

ಅಕ್ಕೋರು ಮನೆಗೆ ಬಂದರೆಂದರೆ ತಾಯಿಯ ಬಾಯಿಂದ ಬರುವ ಮೊದಲ ಮಾತು ಹೆಚ್ಚಾಗಿ ಒಂದೇ: “ಯಾಕ್ರೀ ಅಕ್ಕೋರ, ನಮ್ಮ ಹುಡುಗ ಏನಾರ ತಪ್ಪು ಮಾಡ್ಯಾನೇನ್ರೀ?”

ಅದಕ್ಕೆ ನನ್ನ ಉತ್ತರವೂ ಒಂದೇ: “ಇಲ್ಲವ್ವ. ಮೂರು ದಿನ ಆತು, ಕಾಣಲಿಲ್ಲ. ಆರಾಮ ಅದಾನೋ ಇಲ್ಲೋ ನೋಡ್ಕೊಂಡು ಹೋಗೋಣಂತ ಬಂದೆ.”

ಇಷ್ಟೇ ಹೇಳಿ ಸುಮ್ಮನಾಗಿ. ಒಳಗೆ ಕರೆದರೆ ಹೋಗಿ, ಹಾಸಿದ ಚಾಪೆಯ ಮೇಲೆ ಕೂಡಿ, ಚಹಾ ಕೊಟ್ಟರೆ ಕುಡಿಯಿರಿ. ಕುಡಿಯದೆ ಎದ್ದು ಬಂದರೆ ಅದಕ್ಕೆ ಬೇರೆಯೇ ಅರ್ಥ ಬರುತ್ತದೆ, ಜಾತಿಯ ನೆನಪು ಇನ್ನೂ ಹಸಿಯಾಗಿರುವ ಊರುಗಳಲ್ಲಿ ಅದು ಬಹಳ ನೋಯಿಸುತ್ತದೆ. ಮಗುವಿನ ಬಗ್ಗೆ ಒಂದು ನಿಜವಾದ ಒಳ್ಳೆಯ ಮಾತು ಮೊದಲು ಹೇಳಿ. ‘ಚಲೋ ಹುಡುಗ’ ಎಂಬ ಸಡಿಲ ಮಾತು ಸಾಲದು. “ಮೊನ್ನೆ ಮಗ್ಗಿ ಹೇಳುವಾಗ ಹದಿಮೂರರ ಮಗ್ಗಿ ಇವನೊಬ್ಬನೇ ತಪ್ಪಿಲ್ಲದೆ ಹೇಳಿದ” ಎಂಬಂಥದ್ದು. ಮಗ ಏನನ್ನೋ ಬಲ್ಲ ಎಂದು ಶಾಲೆಯ ಕಡೆಯಿಂದ ಆ ತಾಯಿ ಕೇಳುತ್ತಿರುವುದು ಅದೇ ಮೊದಲ ಸಲ ಇರಬಹುದು.

ಆಮೇಲೆ ಕೇಳಿ. ಯಾಕೆ ಕಳಿಸಲಿಲ್ಲ ಎಂದು ಕೇಳಿದರೆ ಸಮಜಾಯಿಷಿ ಬರುತ್ತದೆ. “ಬೆಳಿಗ್ಗೆ ಎದ್ದಾಗಿಂದ ನಿಮ್ಮ ಮನ್ಯಾಗ ಏನೇನು ನಡೀತದ ಹೇಳವ್ವ” ಅಂದರೆ ದಿನಚರಿ ಬರುತ್ತದೆ, ಕಾರಣ ಅದರೊಳಗೆ ತಾನಾಗಿ ಕಾಣುತ್ತದೆ. ನಾಲ್ಕನೇ ತರಗತಿಯ ಹುಡುಗನೊಬ್ಬನ ತಾಯಿ ಹೀಗೆ ಹೇಳುತ್ತ ಹೋದಾಗ ನನಗೆ ತಿಳಿದದ್ದು ಇಷ್ಟು. ಅವಳು ಆರಕ್ಕೇ ಕೂಲಿಗೆ ಹೋಗುತ್ತಾಳೆ, ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕಿದ್ದಾನೆ, ಹುಡುಗನನ್ನು ಎಬ್ಬಿಸುವವರೇ ಇಲ್ಲ. ಅವನು ಎಚ್ಚರಾಗುವ ಹೊತ್ತಿಗೆ ಪ್ರಾರ್ಥನೆ ಮುಗಿದಿರುತ್ತದೆ. ತಡವಾಗಿ ಬಂದರೆ ಹೊರಗೆ ನಿಲ್ಲಿಸುತ್ತಾರೆ ಎಂದು ಮನೆಯಲ್ಲೇ ಉಳಿಯುತ್ತಾನೆ. ಹೊರಗೆ ನಿಲ್ಲಿಸುತ್ತಿದ್ದವರು ನಾವೇ. ಪಕ್ಕದ ಮನೆಯ ಆರನೇ ತರಗತಿ ಹುಡುಗಿಗೆ “ನಿನ್ನ ಜೊತೆ ಕರ್ಕೊಂಡ್ ಬಾ” ಎಂದು ಹೇಳಿದೆವು, ತಡವಾದವರನ್ನು ನಿಲ್ಲಿಸುವುದನ್ನು ಬಿಟ್ಟೆವು. ಅವನ ಗೈರು ಅಲ್ಲಿಗೆ ನಿಂತಿತು.

ಮೊದಲ ಭೇಟಿಯಲ್ಲಿ ಬಾಯಿಗೆ ಬರಬಾರದ ಮಾತುಗಳಿವೆ: ರೇಷನ್ ಕಾರ್ಡ್ ರದ್ದು ಮಾಡಿಸ್ತೀವಿ, ಪೊಲೀಸರಿಗೆ ಹೇಳ್ತೀವಿ, ಟಿಸಿ ಕೊಡ್ತೀವಿ. ಇವುಗಳಲ್ಲಿ ಯಾವುದನ್ನೂ ಮಾಡುವ ಅಧಿಕಾರ ನಮಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎನ್ನುತ್ತದೆ, ಆದರೆ ಅದಕ್ಕೆ ಅವರ ಮೇಲೆ ದಂಡ ಹಾಕಿಲ್ಲ. ಹೆದರಿಸಿದರೆ ಎರಡು ದಿನ ಮಗು ಬರುತ್ತದೆ. ಮೂರನೇ ಸಲ ನೀವು ಹೋದಾಗ ಮನೆಗೆ ಬೀಗ ಇರುತ್ತದೆ.

ಕಾರಣ ಸಿಕ್ಕ ಮೇಲೆ

ಇಲ್ಲಿ ಅವಸರ ಮಾಡಬೇಡಿ. ಒಂದೊಂದು ಕಾರಣಕ್ಕೆ ಒಂದೊಂದು ದಾರಿ. ಎಲ್ಲರಿಗೂ ಅದೇ ಭಾಷಣ ಮಾಡಿ ಬಂದರೆ ಯಾವ ಮನೆಯಲ್ಲೂ ಏನೂ ಬದಲಾಗುವುದಿಲ್ಲ.

ನಮ್ಮ ಕಡೆ ಅತಿ ಸಾಮಾನ್ಯ ಕಾರಣ ಕೂಸು ನೋಡಿಕೊಳ್ಳುವುದು. ದೊಡ್ಡ ಹುಡುಗಿ ಮನೆಯಲ್ಲಿದ್ದರೆ ತಾಯಿಯ ಕೂಲಿ ಉಳಿಯುತ್ತದೆ. ಮೂರು ವರ್ಷ ದಾಟಿದ ಕೂಸಾದರೆ ಅಂಗನವಾಡಿ ಇದೆ. ಅದು ಎಷ್ಟಕ್ಕೆ ತೆರೆಯುತ್ತದೆ, ಎಷ್ಟಕ್ಕೆ ಮುಚ್ಚುತ್ತದೆ ಎಂದು ನೀವೇ ಹೋಗಿ ನೋಡಿ. ಕೂಲಿಗೆ ಹೋಗುವ ಹೊತ್ತಿಗೂ ಅದು ತೆರೆಯುವ ಹೊತ್ತಿಗೂ ಎರಡು ತಾಸಿನ ಅಂತರ ಇದ್ದರೆ ಆ ಎರಡು ತಾಸಿಗೆ ಅಜ್ಜಿಯೋ ನೆರೆಯವರೋ ಬೇಕು. ಅದಕ್ಕಿಂತ ಸಣ್ಣ ಕೂಸಾದರೆ ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯೇ ಎಂದು ವಿಚಾರಿಸಿ. ಮುಖ್ಯವಾಗಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗೆಂದು 2023-24ರ ಬಜೆಟ್‌ನಿಂದ ಈಚೆಗೆ ಪಂಚಾಯಿತಿಗಳು ಇವನ್ನು ತೆರೆದಿವೆ. ಇದ್ದರೆ ತಾಯಿಯನ್ನು ಒಮ್ಮೆ ಜೊತೆಯಲ್ಲಿ ಕರೆದುಕೊಂಡು ಹೋಗಿ ತೋರಿಸಿ. ಇಲ್ಲದಿದ್ದರೆ ಎಸ್‌ಡಿಎಂಸಿ ಠರಾವು ಬರೆದು ಪಂಚಾಯಿತಿಗೆ ಕೊಡಲಿ. ಮಕ್ಕಳ ಗ್ರಾಮಸಭೆಯಲ್ಲಿ ಆ ಹುಡುಗಿಯರೇ ಎದ್ದು ನಿಂತು ಕೇಳಿದರೆ ಇನ್ನೂ ಒಳ್ಳೆಯದು. ಅಧ್ಯಕ್ಷರು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಎದುರಿಗೇ ಇರುತ್ತಾರೆ.

ಎರಡನೆಯದು ಕೂಲಿ. ಹತ್ತಿ ಬಿಡಿಸುವ ಹಂಗಾಮಿನಲ್ಲಿ ಕೂಲಿ ಕಿಲೋ ಲೆಕ್ಕ. ಮಗುವಿನ ಕೈಯೂ ಸೇರಿದರೆ ಸಂಜೆ ತೂಕ ಹೆಚ್ಚುತ್ತದೆ. ಸಾಲ ಇರುವ ಮನೆಗೆ ಅದು ದೊಡ್ಡದು, ಅದನ್ನು ಸಣ್ಣದೆಂಬಂತೆ ಮಾತಾಡಬೇಡಿ. ನಾನು ತಾಯಿಯ ಜೊತೆ ಕೂತು ಬಾಯಿಲೆಕ್ಕ ಹಾಕುತ್ತೇನೆ: ಮಗುವಿನಿಂದ ವಾರಕ್ಕೆ ಎಷ್ಟು ಬರುತ್ತದೆ, ಹಂಗಾಮು ಎಷ್ಟು ವಾರ, ಶಾಲೆಯಲ್ಲಿ ಊಟ, ಹಾಲು, ಪುಸ್ತಕ, ಬಟ್ಟೆ ಎಷ್ಟಾಗುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ಮಗುವಿಗೆ ವಿದ್ಯಾರ್ಥಿವೇತನದ ಅರ್ಜಿ ಹಾಕಿದೆಯೇ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಇದೆಯೇ ಎಂದು ಅಲ್ಲೇ ನೋಡುತ್ತೇನೆ. ಅರ್ಧ ಮನೆಗಳಲ್ಲಿ ಹಣ ನಿಂತಿರುವುದು ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ. ಅದನ್ನು ತಿದ್ದಿಸಿಕೊಟ್ಟ ದಿನದಿಂದ ಆ ಮನೆಯವರು ನನ್ನ ಮಾತು ಕೇಳುವ ರೀತಿಯೇ ಬೇರೆಯಾಗುತ್ತದೆ.

ಇನ್ನೊಂದು ಮಾತು ಹೊಲದ ಮಾಲೀಕರ ಜೊತೆ, ಆಳು ಕರೆದೊಯ್ಯುವ ಟಂಟಂನವರ ಜೊತೆ ಆಡಬೇಕು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಮೇಲೆ 14 ವರ್ಷದೊಳಗಿನ ಮಗುವನ್ನು ಯಾವ ಕೂಲಿಗೂ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡ ಮಾಲೀಕನಿಗೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಅಥವಾ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಇಲ್ಲವೇ ಎರಡೂ. ಶಾಲೆ ಬಿಟ್ಟ ಮೇಲೆ ಸ್ವಂತ ಮನೆಯ ಕೆಲಸಕ್ಕೆ ಕೈ ಜೋಡಿಸುವುದಕ್ಕೆ ಅಡ್ಡಿಯಿಲ್ಲ. ಕಾನೂನಿನ ಮಾತು ಹೇಳಲೇಬೇಕೆಂದರೆ ಅದನ್ನು ಇವರ ಮುಂದೆ ಹೇಳಿ. ಬಡ ತಾಯಿಯ ಮುಂದೆ ಹೇಳಿ ಏನು ಮಾಡುವುದು?

ಮೂರನೆಯದು ಓದಲು ಬಾರದಿರುವುದು. ಇದನ್ನು ಯಾವ ಮಗುವೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಟ್ಟೆನೋವು ಅನ್ನುತ್ತದೆ, ತಲೆನೋವು ಅನ್ನುತ್ತದೆ. ಆರನೇ ತರಗತಿಗೆ ಬಂದರೂ ಒತ್ತಕ್ಷರ ಕೂಡಿಸಲು ಬಾರದ ಹುಡುಗ ದಿನಾ ಐದಾರು ತಾಸು ಏನೂ ತಿಳಿಯದೆ ಕೂರಬೇಕು. ತಪ್ಪಿಸದೆ ಏನು ಮಾಡಿಯಾನು? ಇಲ್ಲಿ ಮನೆಯವರಿಂದ ಬೇಕಾದದ್ದು ಕಡಿಮೆ, ನಮ್ಮಿಂದ ಬೇಕಾದದ್ದು ಹೆಚ್ಚು. ದಿನಕ್ಕೆ 15 ನಿಮಿಷ ಅವನೊಬ್ಬನನ್ನೇ ಪಕ್ಕ ಕೂರಿಸಿಕೊಂಡು, ಅವನಿಗೆ ಬರುವ ಅಕ್ಷರದಿಂದ ಶುರು ಮಾಡಬೇಕು. ಸಂಜೆ ಒಂದು ಪುಟ ಅವ್ವನ ಮುಂದೆ ಜೋರಾಗಿ ಓದಲಿ. ಅವ್ವನಿಗೆ ಅಕ್ಷರ ಬಾರದಿದ್ದರೂ ಸರಿ, ಅವಳು ಕೇಳಿಸಿಕೊಂಡರೆ ಆಯಿತು.

ಹೆದರಿಕೆಯೂ ಒಂದು ಕಾರಣ, ಅದು ಕೆಲವು ಸಲ ನಮ್ಮದೇ ಸಿಬ್ಬಂದಿಯ ಹೆದರಿಕೆ. ಹೊಡೆಯುವುದನ್ನೂ ಮನಸ್ಸಿಗೆ ನೋವಾಗುವಂತೆ ಅನ್ನುವುದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮನೆಯಲ್ಲಿ ಇಂಥ ಮಾತು ಬಂದರೆ ಸಹೋದ್ಯೋಗಿಯ ಪರ ವಹಿಸಿ ಮುಚ್ಚಿಹಾಕಬೇಡಿ. “ನಾನು ಮಾತಾಡ್ತೀನಿ” ಎಂದು ಹೇಳಿ, ಮುಖ್ಯ ಗುರುಗಳ ಜೊತೆ ನಿಜವಾಗಿಯೂ ಮಾತಾಡಿ.

ಏಳು ಮುಗಿಸಿ ಎಂಟನೇ ತರಗತಿಗೆ ಬೇರೆ ಊರಿಗೆ ಹೋಗಬೇಕಾದ ಹೆಣ್ಣುಮಕ್ಕಳದ್ದು ದಾರಿಯ ಚಿಂತೆ. ಶಕ್ತಿ ಯೋಜನೆ ಬಂದು ಟಿಕೆಟ್ ಖರ್ಚು ಉಳಿದಿದೆ, ಆದರೆ ಶಾಲೆ ಬಿಡುವ ಹೊತ್ತಿಗೆ ಬಸ್ ಬೇಕು, ಅದು ನಿಲ್ಲಬೇಕು. ನಾಲ್ಕೈದು ಹುಡುಗಿಯರ ಮನೆಯವರನ್ನು ಒಟ್ಟಿಗೆ ಕೂರಿಸಿ, ಎಲ್ಲರೂ ಜೊತೆಯಾಗಿ ಹೋಗಿಬರುವಂತೆ ಗೊತ್ತು ಮಾಡಿ. ಎಲ್ಲರ ಸಹಿ ಹಾಕಿಸಿ ಡಿಪೋ ಮ್ಯಾನೇಜರರಿಗೆ ಅರ್ಜಿ ಕೊಡಿ. ದೂರವೇ ಹೆಚ್ಚಾದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಅಥವಾ ಹಾಸ್ಟೆಲ್‌ನಲ್ಲಿ ಜಾಗ ಕೇಳಿ.

ಒಂದು ಸಣ್ಣ ಮಾತುಕತೆ

ಏಳುವ ಮುಂಚೆ ಒಂದೇ ಒಂದು ಮಾತಿಗೆ ಬನ್ನಿ. ನಾಳೆಯಿಂದ ದಿನಾ ತಪ್ಪದೆ ಕಳಿಸುತ್ತೇನೆ ಎಂಬ ದೊಡ್ಡ ಮಾತು ಬೇಡ. ಅವರೂ ನಂಬುವುದಿಲ್ಲ, ನಾವೂ ನಂಬುವುದಿಲ್ಲ. “ಈ ವಾರ ಸಂತೆ ದಿನ ಕೂಸನ್ನ ಅತ್ತೆ ಹತ್ರ ಬಿಡ್ತೀನಿ, ಆಕಿನ್ನ ಕಳಿಸ್ತೀನಿ” ಎಂಬಷ್ಟು ಸಾಕು. ನಿಮ್ಮ ಕಡೆಯಿಂದಲೂ ಒಂದು ಮಾತು ಕೊಡಿ, ಆ ವಾರದೊಳಗೆ ಅದನ್ನು ನಡೆಸಿ. ಎರಡನ್ನೂ ಭೇಟಿ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ನನ್ನದು 100 ಪುಟದ ಒಂದು ನೋಟ್‌ಬುಕ್, ಒಂದು ಮಗುವಿಗೆ ಒಂದು ಪುಟ. ಮನೆಯ ಗುಟ್ಟುಗಳು ಅದರಲ್ಲಿ ಇರುವುದರಿಂದ ಅದನ್ನು ಬೀರುವಿನೊಳಗೆ ಇಡುತ್ತೇನೆ, ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಡುವುದಿಲ್ಲ.

ಮಗು ಮರಳಿ ಬರುವ ಬೆಳಿಗ್ಗೆ

ಇಷ್ಟೆಲ್ಲ ಮಾಡಿದ್ದು ಕೆಡುವುದು ಈ ಹೊತ್ತಿನಲ್ಲೇ. ಮಗು ಗೇಟಿನ ಹತ್ತಿರ ಬರುತ್ತದೆ, ಯಾರೋ “ಓಹೋ, ದಾರಿ ಸಿಕ್ತೇನಪ್ಪ ಸಾಹೇಬ್ರಿಗೆ?” ಅನ್ನುತ್ತಾರೆ, ಕ್ಲಾಸೆಲ್ಲ ನಗುತ್ತದೆ. ಮರುದಿನ ಮಗು ಇಲ್ಲ.

ಹಿಂದಿನ ದಿನವೇ ಎಲ್ಲ ಶಿಕ್ಷಕರಿಗೆ, ಅಡುಗೆಯವರಿಗೆ ಹೇಳಿಡಿ: ಯಾರೂ ಏನೂ ಕೇಳಬಾರದು. ಹಾಜರಿ ಕೂಗುವಾಗ ಎಲ್ಲರ ಹೆಸರಿನಂತೆ ಅವನ ಹೆಸರನ್ನೂ ಕೂಗಿ ಮುಂದೆ ಹೋಗಿ. ಅವನ ಜಾಗ ಅವನಿಗೇ ಇರಲಿ. ಕೈಗೆ ಒಂದು ಕೆಲಸ ಕೊಡಿ, ಬೋರ್ಡು ಒರೆಸುವುದೋ ಗಿಡಕ್ಕೆ ನೀರು ಹಾಕುವುದೋ. ತಪ್ಪಿದ ಪಾಠದ ನೋಟ್ಸನ್ನು ಅಂದೇ ಬರೆಸಲು ಕೂರಿಸಬೇಡಿ. ಸಂಜೆ ಮನೆಗೆ ಫೋನ್ ಮಾಡಿ “ಇವತ್ತು ಬಂದಿದ್ದ, ಚಲೋ ಕೂತಿದ್ದ” ಎಂದು ಹೇಳಿ. ಶಾಲೆಯಿಂದ ಫೋನ್ ಬಂದರೆ ದೂರೇ ಎಂದು ತಿಳಿದ ಮನೆಯವರಿಗೆ ಈ ಒಂದು ಫೋನು ಬಹಳ ದಿನ ನೆನಪಿರುತ್ತದೆ.

ಮುಂದಿನ ನಾಲ್ಕು ವಾರ ಕಣ್ಣಿಟ್ಟಿರಿ. ಮತ್ತೆ ಒಂದು ದಿನ ತಪ್ಪಿದರೆ ಮೂರನೇ ದಿನಕ್ಕೆ ಕಾಯದೆ ಅಂದೇ ಸಂಜೆ ಹೋಗಿ. ಹಿಂದೆ ಬೀಳುವುದು ಇರುತ್ತದೆ, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ. ನಾನು ಒಂದೇ ಮನೆಗೆ ಒಂದು ವರ್ಷದಲ್ಲಿ ಒಂಬತ್ತು ಸಲ ಹೋದದ್ದಿದೆ. ಆ ಮನೆಯ ಹುಡುಗಿ ಏಳನೇ ತರಗತಿ ಮುಗಿಸಿದಳು.

ಗುಳೆ ಹೋಗುವ ಮನೆಗಳು

ಇವರಿಗೆ ಬೇರೆಯೇ ತಯಾರಿ ಬೇಕು, ಅದೂ ದಸರಾ ರಜೆಗಿಂತ ಮುಂಚೆ. ದೀಪಾವಳಿ ಆದರೆ ತಾಂಡಾಗಳಿಂದ, ಕೇರಿಗಳಿಂದ ಬೆಂಗಳೂರು, ಪುಣೆ, ಮುಂಬೈ, ಗೋವಾಕ್ಕೆ, ಕಬ್ಬು ಕಡಿಯಲು ಹೋಗುವವರು ಹೊರಡುತ್ತಾರೆ. ಮುಂಗಡ ಅದಕ್ಕೂ ಮುಂಚೆಯೇ ಕೈಸೇರಿರುತ್ತದೆ. ಹೊರಟ ಮೇಲೆ ಹೋಗಿ ಏನೂ ಪ್ರಯೋಜನವಿಲ್ಲ. ಸೆಪ್ಟೆಂಬರ್‌ನಲ್ಲೇ ಪಟ್ಟಿ ಮಾಡಿ, ಕಳೆದ ವರ್ಷ ಹೋದವರ ಮನೆಗಳಿಗೆ ಮೊದಲು ಹೋಗಿ. ಅಜ್ಜ ಅಜ್ಜಿ ಊರಲ್ಲೇ ಇರುತ್ತಾರೆಯೇ? ಮಗುವನ್ನು ಅವರ ಹತ್ತಿರ ಬಿಡಬಹುದೇ? ತಾಲ್ಲೂಕಿನಲ್ಲಿ ಗುಳೆ ಹೋಗುವವರ ಮಕ್ಕಳಿಗೆಂದೇ ವಸತಿ ಕೇಂದ್ರ ಈ ವರ್ಷ ನಡೆಯುತ್ತದೆಯೇ ಎಂದು ಸಿಆರ್‌ಪಿ (ಸುತ್ತಲಿನ ಶಾಲೆಗಳ ಸಂಪನ್ಮೂಲ ವ್ಯಕ್ತಿ) ಅವರನ್ನು ಮುಂಚಿತವಾಗಿ ಕೇಳಿ.

ಕರೆದುಕೊಂಡೇ ಹೋಗುತ್ತಾರೆಂದರೆ ಬರಿಗೈಲಿ ಕಳಿಸಬೇಡಿ. ಮಗುವಿನ ಸ್ಯಾಟ್ಸ್ ನಂಬರು (ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗಿರುವ ಸಂಖ್ಯೆ), ತರಗತಿ, ನಿಮ್ಮ ಫೋನ್ ನಂಬರು ಬರೆದ ಒಂದು ಚೀಟಿಯನ್ನು ಪ್ಲಾಸ್ಟಿಕ್ ಹಾಕಿಸಿ ತಾಯಿಯ ಕೈಗೆ ಕೊಡಿ. ಹೋದ ಊರಿನ ಶಾಲೆ ಟಿಸಿ ಇಲ್ಲವೆಂದು, ಹುಟ್ಟಿದ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 5 ಮತ್ತು 14ನೇ ಕಲಂ ಇದನ್ನು ಹೇಳುತ್ತವೆ, ಚೀಟಿಯ ಹಿಂಬದಿಗೆ ಆ ಎರಡು ಸಂಖ್ಯೆಗಳನ್ನೂ ಬರೆಯಿರಿ. ಯುಗಾದಿಗೆ ಮರಳಿದ ಮಗು ಹಿಂದೆ ಬಿದ್ದಿದ್ದರೆ ಅದರ ವಯಸ್ಸಿನ ತರಗತಿಯಲ್ಲೇ ಕೂರಿಸಿ ವಿಶೇಷ ತರಬೇತಿ ಕೊಡಬೇಕು ಎಂಬುದು 4ನೇ ಕಲಂ.

ಯಾವಾಗ ಮೇಲಿನವರಿಗೆ ತಿಳಿಸಬೇಕು

ಮೂರು ಭೇಟಿ ಆಗಿಯೂ ಮಗು ಬಾರದಿದ್ದರೆ ಮುಖ್ಯ ಗುರುಗಳ ಮೂಲಕ ಸಿಆರ್‌ಪಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರಹದಲ್ಲಿ ತಿಳಿಸಿ. ಭೇಟಿ ಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಆದರೆ ಬಾಲ್ಯವಿವಾಹದ ಸುಳಿವು ಸಿಕ್ಕರೆ, ಮನೆಯಲ್ಲಿ ಮಗುವಿಗೆ ಹಿಂಸೆ ಆಗುತ್ತಿದ್ದರೆ, ಮಗುವನ್ನು ಸಾಲಕ್ಕೆ ಒತ್ತೆಯಿಟ್ಟಿದ್ದರೆ ಒಂದು ದಿನವೂ ತಡ ಮಾಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು. ಮದುವೆಯ ವಿಷಯವಾದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರಿಗೂ ತಿಳಿಸಿ. ಇಂಥಲ್ಲಿ ಚಹಾ ಕುಡಿದು ಮಾತಾಡುವ ಸಮಯ ಇರುವುದಿಲ್ಲ. ಅದರಲ್ಲೂ ಏಳನೇ ತರಗತಿಯ ಹುಡುಗಿ ಮಾರ್ಚ್‌ನಲ್ಲಿ ಇದ್ದಕ್ಕಿದ್ದಂತೆ ಬರುವುದು ನಿಂತರೆ ಮೂರನೇ ದಿನದವರೆಗೂ ಕಾಯಬೇಡಿ. ಆ ಹೊತ್ತಿಗೆ ಮದುವೆಯ ಹಂಗಾಮು ಬಂದಿರುತ್ತದೆ.

ಏಪ್ರಿಲ್‌ನಲ್ಲಿ ಫಲಿತಾಂಶ ಓದಿದ ದಿನ ನಾನು ಭೇಟಿ ಪುಸ್ತಕವನ್ನು ಮುಂದಿನ ತರಗತಿಯ ಶಿಕ್ಷಕರ ಜೊತೆ ಕೂತು ಪುಟ ಪುಟವಾಗಿ ಓದುತ್ತೇನೆ. ಯಾವ ಮನೆಗೆ ಬೆಳಿಗ್ಗೆ ಹೋಗಬೇಕು, ಯಾವ ಮನೆಯಲ್ಲಿ ಅಜ್ಜಿಯ ಮಾತು ನಡೆಯುತ್ತದೆ, ಯಾವ ಮಗುವನ್ನು ಯಾರು ಜೊತೆಗೆ ಕರೆತರುತ್ತಾರೆ, ಎಲ್ಲ ಹೇಳುತ್ತೇನೆ. ಮೇ ಕೊನೆಯ ವಾರ ದಾಖಲಾತಿಗೆ ಓಣಿ ಸುತ್ತುವಾಗ ನಾವು ಮೊದಲು ಹೋಗುವುದು ಆ ಪುಸ್ತಕದಲ್ಲಿರುವ ಮನೆಗಳಿಗೆ.